ಎರಡನೇ ಬ್ರೇಕು

ನಿಮಿಷಾಂಬ ಡ್ರೈವಿಂಗ್ ಸ್ಕೂಲಿನ ಬಿಳಿ ಎಂಟ್ನೂರಕ್ಕೆ
ಈಗ ಇಪ್ಪತ್ತಮೂರು ವರ್ಷ.
ಬಿಳಿ ಅನ್ನುವುದು ಆರ್‌ಸಿ ಪುಸ್ತಕದ ಮಾತು.
ಬೆಳಿಗ್ಗೆ ಆರಕ್ಕೆ ಷೆಡ್ಡಿನಿಂದ ತೆಗೆದರೆ
ಮೊದಲ ಬ್ರೇಕಿಗೇ ಕಿರ್ರ್ ಅಂತ
ಇಡೀ ಕಲ್ಲಹಳ್ಳಿಗೆ ಬೆಳಗಾಗುತ್ತದೆ.
ಎದುರು ಮನೆ ನಂಜಮ್ಮಣ್ಣಿ ಏಳುವುದೇ ಈ ಸದ್ದಿಗಂತೆ.
ಶಾಪವೋ ಉಪಕಾರ ಸ್ಮರಣೆಯೋ
ಕೇಳಲು ಹೋಗಿಲ್ಲ.

ಗುತ್ತಲು ರಸ್ತೆಯ ಮುನವ್ವರ್
ಚಕ್ರ ಬಿಚ್ಚಿ, ಪ್ಯಾಡು ಹೊರತೆಗೆದು
ಗಾಜಿನ ಹಾಗೆ ಮಿನುಗುವ ಅದರ ಮುಖ ತೋರಿಸಿದ.
"ನೋಡಿ ಮೇಡಂ, ಸವೆದಿದ್ದಕ್ಕಿಂತ ನಯ ಆಗಿದ್ದೇ ಜಾಸ್ತಿ.
ಕಲಿಯೋರ ಕಾಲು. ಅರ್ಧಂಬರ್ಧ ಒತ್ಕೊಂಡೇ ಓಡುಸ್ತಾರೆ.
ಕಾದು ಕಾದು ಹಿಂಗಾಗದೆ."
ಉಪ್ಪುಕಾಗದದಲ್ಲಿ ತಿಕ್ಕಿದ. ಹಿಂದಿನ ಡ್ರಮ್ಮು ಕಳಚಿ ಊದಿದ.
ಇಪ್ಪತ್ತು ಬ್ಯಾಚಿನ ಭಯವೆಲ್ಲ ಕರೀ ಹುಡಿಯಾಗಿ
ಅವನ ಮೀಸೆಯ ಮೇಲೆ ಕೂತಿತು.
ಮುನ್ನೂರು ರೂಪಾಯಿ.
ಎಂಟು ದಿನ ಸುಮ್ಮನಿತ್ತು.
ಒಂಬತ್ತನೆಯ ದಿನ ಕಾರೆಮನೆ ಗೇಟಿನ ಹತ್ತಿರ
ಗಂಟಲು ಸರಿಮಾಡಿಕೊಂಡು ಮತ್ತೆ ಶುರು.

"ಹೊಸ ಪ್ಯಾಡು ಹಾಕ್ಸಿಬುಡಿ, ಎರಡು ಸಾವಿರ."
ಮುಂದಿನ ತಿಂಗಳು ಅಂದೆ. ಅಂದೂ ಅಂದೂ ಯುಗಾದಿ ದಾಟಿತು.
"ಕೂಗೋ ಬ್ರೇಕು ಅಷ್ಟು ಬೇಗ ಕೊಲ್ಲಕ್ಕಿಲ್ಲ" ಎಂದ,
"ಸದ್ದಿಲ್ದೆ ಇಳಿಯೋ ಪೆಡಲ್ಲು ನೋಡ್ಕಳಿ."

ನನ್ನ ಕಡೆ ಇನ್ನೊಂದು ಪೆಡಲಿದೆ.
ಬೆಸುಗೆ ಹಾಕಿದ ಕಂಬಿ, ತುದಿಗೆ ಚಪ್ಪಟೆ ತಗಡು.
ಕಲಿಯುವವರಿಗೆ ಗೊತ್ತು; ಗೊತ್ತಿಲ್ಲದ ಹಾಗೆ ಓಡಿಸುತ್ತಾರೆ.
ಹದಿನೇಳು ವರ್ಷ ಈ ಬಲಗಾಲು
ಯಾರ್ಯಾರದೋ ಕೈಯ ಕಾರು ನಿಲ್ಲಿಸಿದೆ,
ಎಮ್ಮೆಗೆ, ಶಾಲೆ ಬಿಟ್ಟ ಮಕ್ಕಳಿಗೆ,
ಒಮ್ಮೆ ಹೆಣದ ಮುಂದಿನ ತಮಟೆಗೆ.
ಮೈಸೂರು ಬಸ್ಸಿನ ಮುಂದಿನ ಸೀಟಲ್ಲಿ ಕೂತರೂ
ಸುಮ್ಮನೆ ನೆಲ ಒತ್ತುತ್ತದೆ.
ಮಗಳ ಮದುವೆ ಮಾತುಕತೆಯಲ್ಲಿ
ಬೀಗರ ದನಿ ಏರಿದಾಗಲೂ
ಜಮಖಾನ ಒತ್ತಿ ಹಿಡಿದಿದ್ದೆ.

ಹೊಂಬಾಳಮ್ಮ ಬಂದದ್ದು ಐವತ್ತನಾಲ್ಕನೇ ವಯಸ್ಸಿಗೆ.
ಹಪ್ಪಳದ ವ್ಯಾಪಾರ, ಹಳೇ ವ್ಯಾನು,
ಡ್ರೈವರಿಗೆ ಕೊಡೋ ದುಡ್ಡಲ್ಲಿ ಪೆಟ್ರೋಲೇ ಆಗ್ತದೆ ಅಂತ ಲೆಕ್ಕ.
ಬ್ರೇಕು ಕಿರುಚಿದಾಗಲೆಲ್ಲ ಬೆಚ್ಚಿ ಕಾಲೆತ್ತಿಬಿಡುವರು.
ಎತ್ತಿದೊಡನೆ ಸದ್ದು ನಿಲ್ಲುತ್ತಿತ್ತು,
ಕಾರು ನಿಲ್ಲುತ್ತಿರಲಿಲ್ಲ.
"ಜನ ನೋಡ್ತರೆ ಕಣವ್ವ."
"ನೋಡ್ಲಿ ಬುಡಿ. ನೋಡ್ದೋರು ದಾರಿ ಬುಡ್ತರೆ."

ಕಬ್ಬು ಅರೆಯುವ ಕಾಲ. ಸಂಜೆ ಆರೂವರೆ.
ಫ್ಯಾಕ್ಟರಿ ರಸ್ತೆಯಲ್ಲಿ ಮುಂದೆ ಜೋಡಿ ಟ್ರೈಲರಿನ ಟ್ರ್ಯಾಕ್ಟರು.
ಹಿಂದೆ ದೀಪವಿಲ್ಲ, ಗೋಣಿಚೀಲದ್ದೊಂದು ಬಾವುಟ.
ಹುಡುಗರು ಜಲ್ಲೆ ಎಳೆಯಲು ಓಡಿದರು,
ಟ್ರ್ಯಾಕ್ಟರು ತಟ್ಟನೆ ನಿಂತಿತು.
ನನ್ನ ಕಾಲು ಎದ್ದಿತ್ತು, ಇನ್ನೂ ಇಳಿದಿರಲಿಲ್ಲ

ಕಿರ್ರ್ರ್ರ್ರ್

ಎಂದು ಫ್ಯಾಕ್ಟರಿಯ ಸೈರನ್ನೂ ನಾಚುವ ಹಾಗೆ ಕೂಗಿ
ಕಾರು ನಿಂತಿತು.
ಬಾನೆಟ್ಟಿಗೂ ಕಬ್ಬಿನ ಸೋಗೆಗೂ ನಡುವೆ ಒಂದು ಮೊಳ.
ಟೀ ಅಂಗಡಿ ಪೂರಾ ತಿರುಗಿತು, ಲೋಟ ಹಿಡಿದ ಕೈ ಹಾಗೇ.
ಹೊಂಬಾಳಮ್ಮ ಕಾಲೆತ್ತಲಿಲ್ಲ.
ನನ್ನ ಕಡೆಯ ಪೆಡಲ್ಲು, ಅದಕ್ಕೇ ಜೋಡಿಸಿದ ಕಂಬಿಯಲ್ಲವೆ,
ತಾನಾಗಿ ಕೆಳಗಿಳಿದು
ಚಪ್ಪಲಿಯಿಂದ ದೂರ ಹೋಗಿತ್ತು.

"ನೀವಾ ಒತ್ತಿದ್ದು?" ಅಂದರು, ಮುಂದೆಯೇ ನೋಡುತ್ತ.
"ಇಲ್ಲ."
"ಸತ್ಯ ಯೋಳಿ."
"ನನ್ ಕಾಲು ನೋಡಿ."
ನೋಡಿದರು. ಗಾಳಿಯಲ್ಲಿತ್ತು ಇನ್ನೂ,
ಇಳಿಸಲು ಮರೆತಿದ್ದೆ.

ಆ ವಾರವೇ ಪ್ಯಾಡು ಹಾಕಿಸಿದೆ. ಎರಡು ಸಾವಿರದ ನೂರು.
ಈಗ ನೆಲದ ಮೇಲೆ ಚಾಪೆ ಎಳೆದಷ್ಟೇ ಸದ್ದು.
ನಂಜಮ್ಮಣ್ಣಿ ಗೇಟಿಗೆ ಬಂದು
"ಕಾರು ಮಾರ್ಬುಟ್ರಾ? ಎಚ್ಚರಾನೇ ಆಗ್ಲಿಲ್ಲ,
ಹಾಲಿನೋನು ವಾಪಸ್ ಹೋದ" ಅಂತ ಮುಖ ಊದಿಸಿಕೊಂಡರು.

ಮೊನ್ನೆ ಪೇಟೆ ಬೀದಿಯಲ್ಲಿ ಹೊಂಬಾಳಮ್ಮನ ವ್ಯಾನು ಬಂತು,
ಹಿಂದಿನ ಸೀಟಿನ ತುಂಬ ಹಪ್ಪಳದ ಕಟ್ಟು.
ಅದರ ಬ್ರೇಕೂ ಕೂಗುತ್ತದೆ, ನನ್ನದಕ್ಕಿಂತ ಒಂದು ಸ್ವರ ಕೆಳಗೆ.
ಅಡ್ಡ ಬಂದ ಸೈಕಲ್ಲಿಗೆ ನಿಲ್ಲಿಸಿದರು, ಪೂರ್ತಿ ಒತ್ತಿ,
ಬೀದಿಯೆಲ್ಲ ನೋಡುವ ಹಾಗೆ.
ನನ್ನನ್ನು ಅವರು ನೋಡಲಿಲ್ಲ.

ಸೊಪ್ಪಿನ ಅಂಗಡಿ ಮುಂದೆ
ಬಲಗಾಲಲ್ಲಿ ಮಣ್ಣು ಒತ್ತಿಕೊಂಡು ನಿಂತಿದ್ದೆ.